ಪಗ್ ನಾಯಿಯ ಮೂಗು: ಒಂದು ಸಂವಾದ

ನಗರದ ಮನೆಗಳಲ್ಲಿ ಪುಟ್ಟ ನಾಯಿಗಳ ಕಾಲ ಇದು. ಒಂದು ತಲೆಮಾರಿನ ಹಿಂದೆ ಕರ್ನಾಟಕದ ಮಧ್ಯಮವರ್ಗದ ಅಂಗಳಗಳಲ್ಲಿ ಬೆಳ್ಳಗಿನ ‘ಪಾಮೇರಿಯನ್’ ಓಡಾಡುತ್ತಿತ್ತು. ಈಗ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಪಗ್ ಕುಳಿತಿದೆ. ಎಷ್ಟೋ ಜನರಿಗೆ ಅದು ಇಂದಿಗೂ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕಂಡ ‘ಹಚ್ ನಾಯಿ’. ಅದರ ಚಪ್ಪಟೆ ಮೂತಿ, ಹಣೆಯ ಸುಕ್ಕು, ಹೊರಚಾಚಿದ ದೊಡ್ಡ ಕಣ್ಣುಗಳನ್ನು ಕಂಡು ಕರಗದವರು ಕಡಿಮೆ. ಆ ಮೂತಿಯ ಕಾರಣಕ್ಕೇ ಅದು ಉಸಿರಿಗೆ ಕಷ್ಟಪಡುತ್ತದೆ ಎಂಬ ಮಾತು ಪಶುವೈದ್ಯರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಹಾಗಿದ್ದರೆ ಈ ತಳಿಯನ್ನು ಈಗಿರುವಂತೆಯೇ ಬೆಳೆಸುತ್ತ ಹೋಗುವುದು ಸರಿಯೇ? ಮುಂದಿನ ಮಾತುಕತೆಯಲ್ಲಿ ಇಬ್ಬರಿದ್ದಾರೆ. ಒಬ್ಬರು ಶ್ವಾನ ಪ್ರದರ್ಶನಗಳ ಲೋಕವನ್ನು ಬಲ್ಲ, ತಳಿಗಳ ಚರಿತ್ರೆಯನ್ನು ಅಕ್ಕರೆಯಿಂದ ಓದಿಕೊಂಡ ಹಿರಿಯರು. ಇನ್ನೊಬ್ಬಳು ಪಶುವೈದ್ಯಕೀಯ ಓದುತ್ತಿರುವ ಯುವತಿ. ನಾಯಿಯ ಮೇಲಿನ ಪ್ರೀತಿಯಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ.

ಹಿರಿಯರು: ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. ಪಗ್ ಎಂದರೆ ಫ್ಯಾಷನ್ನಿಗಾಗಿ ನಿನ್ನೆ ಮೊನ್ನೆ ಹುಟ್ಟಿಸಿದ ನಾಯಿ ಎಂಬಂತೆ ಈಗಿನವರು ಮಾತಾಡುತ್ತಾರೆ. ಅದರ ಬೇರು ಚೀನಾದ ಅರಮನೆಗಳಲ್ಲಿದೆ. ಹಾಲೆಂಡಿನ ವ್ಯಾಪಾರಿಗಳ ಹಡಗಿನಲ್ಲಿ ಅದು ಯುರೋಪು ತಲುಪಿತು, ಆರೆಂಜ್ ರಾಜಮನೆತನದ ಮುದ್ದಿನ ನಾಯಿಯಾಯಿತು. 1572ರಲ್ಲಿ ಶತ್ರುಗಳು ರಾತ್ರಿ ಮುತ್ತಿಗೆ ಹಾಕಿದಾಗ ಪಾಂಪಿ ಎಂಬ ನಾಯಿ ಬೊಗಳಿ ಎಬ್ಬಿಸಿ ರಾಜಕುಮಾರ ವಿಲಿಯಮ್‌ನ ಜೀವ ಉಳಿಸಿತು ಎಂಬ ಕಥೆ ಇದೆ. ಅದು ಪಗ್ ಆಗಿತ್ತು ಎಂದು ತಳಿಪ್ರಿಯರು ಹೇಳುತ್ತ ಬಂದಿದ್ದಾರೆ. ಡೆಲ್ಫ್ಟ್ ಊರಿನ ಚರ್ಚಿನಲ್ಲಿರುವ ಅವನ ಸಮಾಧಿಯಲ್ಲಿ ಕಾಲ ಬಳಿ ಒಂದು ನಾಯಿಯ ಶಿಲ್ಪವೂ ಇದೆ. ಫ್ರಾನ್ಸಿನಲ್ಲಿ ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಸಾಕಿದ್ದಳು, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಸಾಕಿದ್ದಳು. ಇಷ್ಟೂ ಕಾಲ ಈ ನಾಯಿಯನ್ನು ಯಾರೂ ಬೇಟೆಗೆ ಕರೆದೊಯ್ಯಲಿಲ್ಲ, ಕುರಿ ಕಾಯಲು ಕಳಿಸಲಿಲ್ಲ. ಮನುಷ್ಯನ ಪಕ್ಕದಲ್ಲಿರುವುದೇ ಅದರ ಕೆಲಸ. ನಮ್ಮ ಮುಧೋಳ ನಾಯಿಯನ್ನು ಓಟಕ್ಕಾಗಿ ಆರಿಸಿ ಆರಿಸಿ ಬೆಳೆಸಿದಂತೆ ಪಗ್ ಅನ್ನು ಸ್ವಭಾವಕ್ಕಾಗಿ ಆರಿಸಿ ಬೆಳೆಸಿದ್ದಾರೆ. ಜೊತೆಗಿರುವುದನ್ನೇ ಕಸುಬಾಗಿಸಿಕೊಂಡ ಪ್ರಾಣಿ ಅದು. ಆ ಕಸುಬನ್ನು ಕೀಳಾಗಿ ಕಾಣಬಾರದು.

ಯುವತಿ: ಕೀಳಾಗಿ ಕಾಣುವುದಿಲ್ಲ ಸಾರ್. ಒಂಟಿಯಾಗಿರುವ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವ ಮನೆಗೆ ಅಂಥ ನಾಯಿಯ ಬೆಲೆ ಏನೆಂದು ಗೊತ್ತು. ಆದರೆ ನೀವು ಹೇಳಿದ ಚರಿತ್ರೆಯ ಪಗ್‌ಗೂ ಇವತ್ತಿನ ಪಗ್‌ಗೂ ಮುಖ ಒಂದೇ ಅಲ್ಲ. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ಬರೆದ ಸ್ವಚಿತ್ರವನ್ನು ನೋಡಿ, ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿದೆ. ಅದರಲ್ಲಿ ಅವನ ಪಕ್ಕಕ್ಕೆ ಟ್ರಂಪ್ ಎಂಬ ಅವನ ಪಗ್ ಕುಳಿತಿದೆ. ಅದಕ್ಕೆ ಕಣ್ಣಿಗೆ ಕಾಣುವಷ್ಟು ಮೂತಿ ಇದೆ. ಕಣ್ಣುಗಳು ಗುಳಿಯಲ್ಲೇ ಇವೆ. ಮೂಗಿನ ಮೇಲೆ ಮಡಿಕೆ ಬಿದ್ದ ಚರ್ಮವಿಲ್ಲ. ಬದಲಾವಣೆ ಬಂದದ್ದು ಅದಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 1873ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿತು, 1883ರಲ್ಲಿ ಪಗ್ ಪ್ರಿಯರ ಕ್ಲಬ್ ಹುಟ್ಟಿತು. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ಅಂಕ ಹಾಕುವ ಪದ್ಧತಿ ಬೇರೂರಿತು. ಚಪ್ಪಟೆ ಇದ್ದದ್ದಕ್ಕೆ ಬಹುಮಾನ ಬಂದರೆ ಮುಂದಿನ ಸಲ ಇನ್ನೂ ಚಪ್ಪಟೆಯದನ್ನು ತರುತ್ತಾರೆ. ಅದಕ್ಕೂ ಬಹುಮಾನ ಬಂದರೆ ಮತ್ತಷ್ಟು ಚಪ್ಪಟೆಯದು. ಯಾರೂ ನಾಯಿಗೆ ಕೇಡು ಬಯಸಿದವರಲ್ಲ. ಪ್ರತಿ ಪೀಳಿಗೆಯಲ್ಲೂ ಒಂದು ಕೂದಲೆಳೆಯಷ್ಟು ಮೂಗು ಕಡಿಮೆಯಾಯಿತು, ಅಷ್ಟೇ. ಹಾಗಾಗಿ ಇದನ್ನು ನೂರಾರು ವರ್ಷಗಳ ಪರಂಪರೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಈಗ ನಾವು ನೋಡುತ್ತಿರುವ ಮುಖಕ್ಕೆ ಹೆಚ್ಚೆಂದರೆ ನೂರೈವತ್ತು ವರ್ಷ.

ಹಿರಿಯರು: ಯುರೋಪಿನ ಮಟ್ಟಿಗೆ ಅದು ಸರಿ, ಚೀನಾದ ಮಟ್ಟಿಗೆ ಸರಿಯಲ್ಲ. 1860ರಲ್ಲಿ ಎರಡನೆಯ ಅಫೀಮು ಯುದ್ಧದ ಕೊನೆಗೆ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಪೀಕಿಂಗಿನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದರಲ್ಲ, ಅಲ್ಲಿ ಸಿಕ್ಕ ಪೆಕಿಂಗೀಸ್ ನಾಯಿಯೊಂದನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟರು. ಲೂಟಿಯಲ್ಲಿ ಬಂದದ್ದಕ್ಕೆ ‘ಲೂಟಿ’ ಎಂದೇ ಹೆಸರಿಟ್ಟರು. ಆ ಹೊತ್ತಿಗಾಗಲೇ ಚೀನಾದ ಅರಮನೆ ನಾಯಿಗಳ ಮುಖ ಗಿಡ್ಡವೇ ಇತ್ತು. ಲ್ಯಾಂಬ್ ಮತ್ತು ಮಾಸ್ ಎಂಬ ಎರಡು ಪಗ್‌ಗಳು ಅದೇ ದಶಕದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಬಂದು, ಅವುಗಳ ಮಗ ಕ್ಲಿಕ್‌ನ ರಕ್ತ ಇಂಗ್ಲಿಷ್ ಪಗ್‌ಗಳಲ್ಲಿ ಬೆರೆಯಿತು. ಅಂದರೆ ಗಿಡ್ಡ ಮುಖ ಪ್ರದರ್ಶನದ ಮೇಜಿನ ಮೇಲೇ ಹುಟ್ಟಿದ್ದೆಂದು ಹೇಳಲಾಗದು. ಇನ್ನು ಗಾತ್ರದ ವಿಷಯ. ಪುಟ್ಟ ನಾಯಿ ಎಂದರೆ ಪ್ರಕೃತಿಗೆ ವಿರುದ್ಧವಾದದ್ದು ಎಂಬ ಮಾತೂ ಕೇಳಿಬರುತ್ತದೆ. ನಾಯಿಯ ಮೈಗಾತ್ರವನ್ನು ಕುಗ್ಗಿಸುವ ಐಜಿಎಫ್1 ಜೀನಿನ ರೂಪಾಂತರ ಸುಮಾರು 54,000 ವರ್ಷ ಹಿಂದಿನ ತೋಳದ ಅವಶೇಷದಲ್ಲಿ ಸಿಕ್ಕಿದೆ ಎಂದು 2022ರಲ್ಲಿ ವಿಜ್ಞಾನಿಗಳೇ ತೋರಿಸಿದರು. ನಾಯಿ ಇನ್ನೂ ನಾಯಿಯಾಗುವ ಮೊದಲೇ ಪುಟ್ಟತನದ ಬೀಜ ತೋಳದ ರಕ್ತದಲ್ಲಿತ್ತು.

ಯುವತಿ: ಆ ಸಂಶೋಧನೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಪುಟ್ಟತನ ದೋಷವಲ್ಲ; ದೊಡ್ಡ ತಳಿಗಳಿಗಿಂತ ಪುಟ್ಟ ನಾಯಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತವೆ. ಗಿಡ್ಡ ಡ್ಯಾಕ್ಸ್‌ಹುಂಡ್ ಗ್ರೇಟ್ ಡೇನ್‌ಗಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಆದ್ದರಿಂದ ಜೊತೆಗಾರ ನಾಯಿ ಬೇಕು, ಅದು ತೊಡೆಯ ಮೇಲೆ ಕೂರುವಷ್ಟು ಚಿಕ್ಕದಿರಬೇಕು ಎನ್ನುವ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಗಾತ್ರವನ್ನು ಕುಗ್ಗಿಸುವ ಜೀನು ಬೇರೆ, ಮುಖವನ್ನು ಚಪ್ಪಟೆ ಮಾಡುವ ಜೀನು ಬೇರೆ. ಮುಖದ ಗಿಡ್ಡತನಕ್ಕೆ ಸಂಬಂಧಿಸಿದ ಬಿಎಂಪಿ3, ಎಸ್‌ಎಂಒಸಿ2 ಎಂಬ ಜೀನುಗಳನ್ನು ಈಚೆಗೆ ಗುರುತಿಸಿದ್ದಾರೆ. ಎರಡನ್ನೂ ಒಂದೇ ನಾಯಿಯಲ್ಲಿ ಕೂಡಿಸಿದ್ದು ಮನುಷ್ಯರ ಆಯ್ಕೆ. ನಮ್ಮ ಹಳೆಯ ‘ಪಾಮೇರಿಯನ್’ ಇತ್ತಲ್ಲ, ಅಂದರೆ ಇಂಡಿಯನ್ ಸ್ಪಿಟ್ಸ್, ಅದೂ ಪುಟ್ಟದೇ, ಮನೆಮಂದಿಗೆ ಅಂಟಿಕೊಂಡು ಬದುಕುವುದೇ. ಅದಕ್ಕೆ ಚೂಪು ಮೂತಿ ಇದೆ, ಬೇಸಿಗೆಯ ಮಧ್ಯಾಹ್ನವೂ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಸ್ನೇಹ ಮಾಡಲು ಮೂಗನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಅದು ನಮ್ಮ ಕಣ್ಣೆದುರಿನ ಸಾಕ್ಷಿ.

ಹಿರಿಯರು: ಇಲ್ಲೇ ನೀವು ಜನರ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಗುಂಡು ಹಣೆ, ದೊಡ್ಡ ಕಣ್ಣು, ಗಿಡ್ಡ ಮೂಗು ನೋಡಿದರೆ ಮನುಷ್ಯನಲ್ಲಿ ಪಾಲನೆಯ ಭಾವ ಏಳುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲೇ ಬರೆದ. ಹಸುಗೂಸಿನ ಮುಖದ ಲಕ್ಷಣಗಳು ಅವು. ಪಗ್‌ನ ಮುಖ ಆ ತಂತಿಯನ್ನೇ ಮೀಟುತ್ತದೆ. ಹಾಗೆ ಮೀಟಿದ್ದರಿಂದಲೇ ಲಕ್ಷಾಂತರ ಪಗ್‌ಗಳಿಗೆ ಹೊಟ್ಟೆ ತುಂಬ ಊಟ, ಮಲಗಲು ಮಂಚ, ಕಾಯಿಲೆ ಬಿದ್ದರೆ ವೈದ್ಯರು ಸಿಕ್ಕಿದ್ದಾರೆ. ನಮ್ಮ ಬೀದಿ ನಾಯಿಗೆ ಮೂತಿ ಚೆನ್ನಾಗಿದೆ, ಉಸಿರು ಚೆನ್ನಾಗಿದೆ; ಅದರ ಬದುಕು ಎಷ್ಟು ಚೆನ್ನಾಗಿದೆ? ಸ್ವಭಾವದ ಮಾತಿಗೆ ಬಂದರೆ, ಪಗ್‌ನ ವಿರುದ್ಧ ಎಲ್ಲರೂ ಉದಾಹರಿಸುವ ಬ್ರಿಟಿಷ್ ಅಧ್ಯಯನವೇ ಪಗ್‌ಗಳಲ್ಲಿ ಆಕ್ರಮಣಶೀಲತೆ ಉಳಿದ ನಾಯಿಗಳಿಗಿಂತ ಕಡಿಮೆ ಎಂದು ಹೇಳಿದೆ. ಹೃದಯದ ಗೊಣಗು ಸದ್ದೂ ಕಡಿಮೆ ಎಂದಿದೆ. ಆ ಸಾಲುಗಳನ್ನು ಯಾರೂ ಎತ್ತಿ ಹೇಳುವುದಿಲ್ಲ.

ಬೀದಿ ನಾಯಿಯ ಮಾತು ಗಟ್ಟಿ ಮಾತು. ಯುವತಿ ಅದನ್ನು ತಳ್ಳಿಹಾಕಲಿಲ್ಲ. ಆದರೆ ಅಧ್ಯಯನದ ಪ್ರಸ್ತಾಪ ಬಂದದ್ದರಿಂದ ಅದನ್ನು ಪೂರ್ತಿ ಬಿಚ್ಚಿಡುವುದು ಅವಳಿಗೆ ಅಗತ್ಯವೆನಿಸಿತು.

ಯುವತಿ: ಎತ್ತಿ ಹೇಳಬೇಕಾದದ್ದೇ, ಹೇಳೋಣ. ಉಳಿದ ಸಾಲುಗಳನ್ನೂ ಹೇಳೋಣ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಆ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಪಗ್‌ಗಳ ಚಿಕಿತ್ಸಾ ದಾಖಲೆಗಳನ್ನು ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಬೇರೆ ನಾಯಿಗಳ ದಾಖಲೆಗಳೊಂದಿಗೆ ಹೋಲಿಸಿತು. ವರ್ಷದಲ್ಲಿ ಒಂದಾದರೂ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಪಗ್‌ಗೆ ಸುಮಾರು 1.9 ಪಟ್ಟು ಹೆಚ್ಚು. ಕಣ್ಣಿನ ಕಾರ್ನಿಯಾ ಹುಣ್ಣು ಸುಮಾರು 13 ಪಟ್ಟು. ಚರ್ಮದ ಮಡಿಕೆಯ ಸೋಂಕು 11 ಪಟ್ಟು. ಗಿಡ್ಡ ಮೂತಿಯ ಉಸಿರಾಟದ ತೊಂದರೆ ಸುಮಾರು 54 ಪಟ್ಟು. ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ‘ಸಾಮಾನ್ಯ ನಾಯಿ’ ಎಂದು ಪರಿಗಣಿಸಲಾಗದು ಎಂಬ ತೀರ್ಮಾನಕ್ಕೆ ಅವರು ಬಂದರು. ಈ ಉಸಿರಾಟದ ತೊಂದರೆ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಂಡರೆ ಅಂಕಿಗಳು ಅಚ್ಚರಿ ಹುಟ್ಟಿಸುವುದಿಲ್ಲ. ತಲೆಬುರುಡೆಯ ಎಲುಬು ಗಿಡ್ಡವಾಯಿತು, ಅದರೊಳಗಿನ ಮೆತ್ತನೆಯ ಅಂಗಗಳು ಅದೇ ಪ್ರಮಾಣದಲ್ಲಿ ಗಿಡ್ಡವಾಗಲಿಲ್ಲ. ನಾಲಗೆ, ಮೃದು ಅಂಗುಳ, ಮೂಗಿನೊಳಗಿನ ಸುರುಳಿ ಎಲುಬುಗಳು ಎಲ್ಲವೂ ಅರ್ಧ ಜಾಗದಲ್ಲಿ ತುರುಕಿಕೊಂಡಿವೆ. ನಾಯಿಗೆ ಇರಬೇಕಾದ 42 ಹಲ್ಲುಗಳು ಪುಟ್ಟ ದವಡೆಯಲ್ಲಿ ಅಡ್ಡಾದಿಡ್ಡಿ ಸೇರಿವೆ. ಮೂಗಿನ ಹೊಳ್ಳೆ ಒಂದು ಸೀಳಿನಂತೆ ಮುಚ್ಚಿಕೊಂಡಿರುತ್ತದೆ. ಪ್ರತಿ ಉಸಿರಿಗೂ ಜಗ್ಗಬೇಕು. ಜಗ್ಗಿ ಜಗ್ಗಿ ಗಂಟಲಿನ ಒಳಪೊರೆ ಊದಿಕೊಂಡು ದಾರಿ ಇನ್ನಷ್ಟು ಕಿರಿದಾಗುತ್ತದೆ. ನಾವು ಮುದ್ದಾದ ಗೊರಕೆ ಎಂದು ಫೋನಿನಲ್ಲಿ ಚಿತ್ರಿಸಿಕೊಳ್ಳುವುದು ಈ ಸದ್ದನ್ನೇ. ಕೆಲವು ಪಗ್‌ಗಳು ಕುಳಿತೇ ನಿದ್ದೆ ಮಾಡುತ್ತವೆ, ಗದ್ದವನ್ನು ಎತ್ತರದ ಯಾವುದಾದರೂ ವಸ್ತುವಿಗೆ ಆನಿಸಿಕೊಂಡು ಮಲಗುತ್ತವೆ. ತಲೆ ಕೆಳಗಿಟ್ಟರೆ ಉಸಿರಿನ ದಾರಿ ಮುಚ್ಚುತ್ತದೆ, ಅದಕ್ಕೆ.

ಹಿರಿಯರು: ಎಲ್ಲ ಪಗ್‌ಗಳೂ ಹಾಗಲ್ಲ.

ಯುವತಿ: ಎಲ್ಲವೂ ಹಾಗಲ್ಲ, ನಿಜ. ಕೇಂಬ್ರಿಜ್ ವಿಶ್ವವಿದ್ಯಾಲಯದವರು ಉಸಿರಾಟವನ್ನು ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅವರು ಪರೀಕ್ಷಿಸಿದ ಪಗ್‌ಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ನಾಯಿಗಳಿಗೆ ತೊಂದರೆ ಇತ್ತು. ನನ್ನನ್ನು ಹೆಚ್ಚು ಕಲಕಿದ್ದು ಅದಕ್ಕೂ ಹಿಂದಿನ, 2012ರ ಒಂದು ಅಧ್ಯಯನ. ವೈದ್ಯಕೀಯವಾಗಿ ಉಸಿರಾಟದ ಕಾಯಿಲೆ ಇರುವ ಗಿಡ್ಡ ಮೂತಿಯ ನಾಯಿಗಳ ಮಾಲೀಕರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ, ಶೇಕಡಾ 58ರಷ್ಟು, ತಮ್ಮ ನಾಯಿಗೆ ಉಸಿರಾಟದ ಸಮಸ್ಯೆಯೇ ಇಲ್ಲ ಎಂದರು. ಅವರು ನಾಯಿಯನ್ನು ಪ್ರೀತಿಸದವರಲ್ಲ. ಪ್ರೀತಿ ಇದ್ದದ್ದಕ್ಕೇ ಆಸ್ಪತ್ರೆಗೆ ಬಂದಿದ್ದರು. ‘ಈ ತಳಿ ಹೀಗೇ’ ಎಂದು ಮನಸ್ಸಿಗೆ ಒಗ್ಗಿಹೋದ ಮೇಲೆ ಕಣ್ಣೆದುರಿನ ಸಂಕಟವೂ ಕಾಣುವುದಿಲ್ಲ. ನೀವು ಹೇಳಿದ ಊಟ, ಮಂಚ, ವೈದ್ಯರು ಎಲ್ಲ ಸಿಕ್ಕಿವೆ, ಒಪ್ಪಿದೆ. ಆದರೆ ಉಸಿರು ನಾವು ಕೊಡುವ ವಸ್ತುವಲ್ಲ, ನಾಯಿ ತಾನೇ ತೆಗೆದುಕೊಳ್ಳಬೇಕಾದದ್ದು.

ಹಿರಿಯರು: ಅಂಕಿಗಳ ಬಗ್ಗೆ ನನಗೂ ಒಂದು ಪ್ರಶ್ನೆ ಇದೆ. 2022ರಲ್ಲಿ ಬ್ರಿಟನ್ನಿನ ಚಿಕಿತ್ಸಾ ದಾಖಲೆಗಳಿಂದ ಲೆಕ್ಕ ಹಾಕಿ ಪಗ್‌ನ ನಿರೀಕ್ಷಿತ ಆಯುಸ್ಸು 7.65 ವರ್ಷ ಎಂದರು. ಎರಡೇ ವರ್ಷದ ಬಳಿಕ, 2024ರಲ್ಲಿ, ಅದೇ ದೇಶದ ಐದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 11.6 ವರ್ಷ ಎಂದರು. ಎಲ್ಲ ನಾಯಿಗಳ ಮಧ್ಯಾಂಕವೇ 12.5 ಇದ್ದಾಗ 11.6 ಎಂಬುದು ನರಳಿ ನರಳಿ ಸಾಯುವ ತಳಿಯ ಆಯುಸ್ಸೇ? ಒಂದು ತಳಿ ಇದ್ದಕ್ಕಿದ್ದಂತೆ ಜನಪ್ರಿಯವಾದಾಗ ಆ ತಳಿಯಲ್ಲಿ ಎಳೆಯ ನಾಯಿಗಳೇ ತುಂಬಿರುತ್ತವೆ. ಆಗ ದಾಖಲಾಗುವ ಸಾವುಗಳೂ ಎಳೆಯ ಸಾವುಗಳಾಗಿ ಕಾಣುತ್ತವೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಊರಿನ ಆರೋಗ್ಯ ಅಳೆಯಬಾರದು. ಮತ್ತೊಂದು ಮಾತು: ತಳಿಗಾರರು ಕೈಕಟ್ಟಿ ಕುಳಿತಿಲ್ಲ. 2019ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ಬೇ ಕೇಂಬ್ರಿಜ್ ಜೊತೆ ಸೇರಿ ಉಸಿರಾಟದ ಪರೀಕ್ಷೆಯನ್ನು ಜಾರಿಗೆ ತಂದಿತು. ನಾಯಿಯ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ಮೂರು ನಿಮಿಷ ಚುರುಕಾಗಿ ನಡೆಸುತ್ತಾರೆ, ಮತ್ತೆ ಕೇಳುತ್ತಾರೆ. ಸೊನ್ನೆಯಿಂದ ಮೂರರವರೆಗೆ ದರ್ಜೆ. ಮೂರು ಬಂದ ನಾಯಿಯಿಂದ ಮರಿ ಮಾಡಿಸಬೇಡಿ ಎನ್ನುತ್ತಾರೆ. ಅದೇ ಕೇಂಬ್ರಿಜ್‌ನವರು ಪಗ್‌ಗಳಲ್ಲಿ ಮೂತಿಯ ಉದ್ದವೊಂದನ್ನೇ ನೋಡಿ ಕಾಯಿಲೆ ಇದೆಯೋ ಇಲ್ಲವೋ ಹೇಳಲಾಗದು ಎಂದೂ ಕಂಡುಕೊಂಡರು. ಹೊಳ್ಳೆಯ ಅಗಲ, ಮೈಯ ಕೊಬ್ಬು ಹೆಚ್ಚು ಮುಖ್ಯ. ಹಾಗಿದ್ದ ಮೇಲೆ ತಳಿಯ ಒಳಗೇ ಒಳ್ಳೆಯ ಉಸಿರಿನ ನಾಯಿಗಳನ್ನು ಆರಿಸಿಕೊಂಡು ಹೋದರಾಯಿತಲ್ಲ?

ಯುವತಿ: ಆಯುಸ್ಸಿನ ಮಾತಿನಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಏಳೂವರೆ ವರ್ಷ ಎಂದು ಹೆದರಿಸುವುದು ನ್ಯಾಯವಲ್ಲ. ಆದರೂ ಹನ್ನೊಂದು ವರ್ಷ ಬದುಕಿತು ಎಂಬುದು ಎಷ್ಟು ವರ್ಷ ಎಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ಪರೀಕ್ಷೆಯೂ ಒಳ್ಳೆಯದೇ, ಎಲ್ಲ ಕಡೆ ಬರಲಿ. ನನ್ನ ಆತಂಕ ಇರುವುದು ಆರಿಸಿಕೊಳ್ಳುವ ಬುಟ್ಟಿಯಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2008ರಲ್ಲಿ ಕೆನಲ್ ಕ್ಲಬ್ಬಿನ ವಂಶಾವಳಿಗಳನ್ನು ವಿಶ್ಲೇಷಿಸಿದಾಗ ಬ್ರಿಟನ್ನಿನ ಸುಮಾರು 10,000 ಪಗ್‌ಗಳ ಆನುವಂಶಿಕ ವೈವಿಧ್ಯ ಐವತ್ತೇ ನಾಯಿಗಳ ವೈವಿಧ್ಯಕ್ಕೆ ಸಮ ಎಂದು ತಿಳಿದುಬಂತು. ಅಷ್ಟು ಬಡವಾದ ಗುಂಪಿನಿಂದ ಕೆಟ್ಟ ಉಸಿರಿನವನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಇನ್ನೂ ಬಡ ಗುಂಪು. ಉಸಿರು ಸುಧಾರಿಸೀತು, ಆ ಹೊತ್ತಿಗೆ ಮಿದುಳಿನ ಉರಿಯೂತವೋ ಬೆನ್ನುಮೂಳೆಯ ದೋಷವೋ ದಟ್ಟವಾಗಬಹುದು. ಪಗ್‌ಗೆ ಎರಡೂ ಈಗಾಗಲೇ ಇವೆ. ಬಾಗಿಲು ತೆರೆದು ಹೊರಗಿನ ರಕ್ತವನ್ನು ಬಿಟ್ಟುಕೊಳ್ಳುವುದೇ ದಾರಿ. ಡಾಲ್ಮೇಷನ್‌ಗಳಲ್ಲಿ ಹಾಗೆ ಮಾಡಿದ್ದಾರೆ. ಆ ತಳಿಯ ಎಲ್ಲ ನಾಯಿಗಳಿಗೂ ಯೂರಿಕ್ ಆಮ್ಲದ ತೊಂದರೆ ಇತ್ತು, ತಳಿಯ ಒಳಗೆ ಆರಿಸಿಕೊಳ್ಳಲು ಆರೋಗ್ಯದ ಜೀನೇ ಉಳಿದಿರಲಿಲ್ಲ. 1973ರಲ್ಲಿ ಅಮೆರಿಕದ ಒಬ್ಬ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿ, ಮುಂದಿನ ಪೀಳಿಗೆಗಳನ್ನೆಲ್ಲ ಮತ್ತೆ ಡಾಲ್ಮೇಷನ್‌ಗಳ ಜೊತೆಗೇ ಕೂಡಿಸುತ್ತ ಹೋದ. ಕಾಯಿಲೆ ಹೋಯಿತು, ಚುಕ್ಕೆ ಉಳಿಯಿತು. ಆದರೂ ಆ ನಾಯಿಗಳನ್ನು ಬ್ರಿಟನ್ ಒಪ್ಪಿದ್ದು 2010ರಲ್ಲಿ, ಅಮೆರಿಕ 2011ರಲ್ಲಿ. ರಕ್ತಶುದ್ಧಿಯ ಮೋಹಕ್ಕೆ ಹೆಚ್ಚುಕಡಿಮೆ ನಲವತ್ತು ವರ್ಷ ಕಳೆದವು.

ಹಿರಿಯರು: ಡಾಲ್ಮೇಷನ್‌ನಲ್ಲಿ ತಪ್ಪಿದ್ದದ್ದು ಒಂದು ಜೀನು. ಒಂದು ಸಲ ಕೂಡಿಸಿ ಸರಿಮಾಡಬಹುದಿತ್ತು. ಪಗ್‌ನ ಮುಖ ಹತ್ತಾರು ಜೀನುಗಳ ಕೂಡುಫಲ. ಜರ್ಮನಿಯಲ್ಲಿ ಪಗ್ ಅನ್ನು ಜ್ಯಾಕ್ ರಸೆಲ್ ಟೆರಿಯರ್ ಜೊತೆ ಬೆರೆಸಿ ‘ರೆಟ್ರೋ ಪಗ್’ ಮಾಡಿದ್ದಾರೆ, ಗೊತ್ತು. ಮೂತಿ ಬಂತು. ಅದರ ಜೊತೆಗೆ ಬಿಲದಿಂದ ನರಿಯನ್ನು ಹೊರಗಟ್ಟಲು ಬೆಳೆಸಿದ ಟೆರಿಯರ್‌ನ ಚಡಪಡಿಕೆಯೂ ಮನೆಯೊಳಗೆ ಬಂದರೆ? ಸೋಫಾದ ಮೇಲೆ ದಿನವಿಡೀ ಅಜ್ಜಿಯ ಪಕ್ಕ ಕೂರುವ ನಾಯಿ ಬೇಕಿದ್ದವರಿಗೆ ಅದನ್ನು ಪಗ್ ಎಂದು ಕೊಟ್ಟರೆ ಅದು ನಾಯಿಗೂ ಅಜ್ಜಿಗೂ ಮಾಡಿದ ಅನ್ಯಾಯ. ಹೊರಗಿನ ರಕ್ತವಿಲ್ಲದೆ ಕಾಯಿಲೆ ಇಳಿಸಬಹುದು ಎಂಬುದಕ್ಕೆ ಪುರಾವೆಯನ್ನೂ ಕೊಡುತ್ತೇನೆ. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಇನ್ನೊಂದು ಪುಟ್ಟ ಜೊತೆಗಾರ ತಳಿಗೆ ಹೃದಯದ ಕವಾಟದ ಕಾಯಿಲೆ ಶಾಪದಂತೆ ಅಂಟಿದೆ. ಡೆನ್ಮಾರ್ಕಿನಲ್ಲಿ ಈ ಶತಮಾನದ ಆರಂಭದಿಂದ ಹೃದಯ ಪರೀಕ್ಷಿಸಿ ಪಾಸಾದ ನಾಯಿಗಳಿಂದ ಮಾತ್ರ ಮರಿ ಮಾಡಿಸಿದರು. ಕವಾಟದ ಸದ್ದಿನ ಅಪಾಯ ಹತ್ತು ವರ್ಷದೊಳಗೆ ಶೇಕಡಾ 73ರಷ್ಟು ಇಳಿಯಿತು. ತಾಳ್ಮೆಯಿಂದ ಮಾಡಿದ ಕೆಲಸ ಅದು. ಅದನ್ನು ಬಿಟ್ಟು ನಾರ್ವೆಯವರು ಏನು ಮಾಡಿದರು? 2022ರಲ್ಲಿ ಓಸ್ಲೋ ನ್ಯಾಯಾಲಯ ಕವಲಿಯರ್ ಮತ್ತು ಇಂಗ್ಲಿಷ್ ಬುಲ್‌ಡಾಗ್ ಎರಡರ ಸಂತಾನಾಭಿವೃದ್ಧಿಯೂ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಎಂದುಬಿಟ್ಟಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಯುವತಿ: ಇಲ್ಲಿ ಮೂಗನ್ನು ಆಗಲೇ ಕೊಯ್ದಾಗಿದೆ ಸಾರ್. ಮತ್ತೆ ಬೆಳೆಸುವ ಮಾತಾಡುತ್ತಿದ್ದೇವೆ. ನಾರ್ವೆಯ ತೀರ್ಪು ಯಾರ ಮನೆಯ ನಾಯಿಯನ್ನೂ ಕಿತ್ತುಕೊಳ್ಳಲಿಲ್ಲ. ಆರೋಗ್ಯವಂತ ಬೇರೆ ತಳಿಯ ಜೊತೆ ಕ್ರಮವಾಗಿ, ವೈಜ್ಞಾನಿಕವಾಗಿ ಕೂಡಿಸುವ ದಾರಿಯನ್ನು ತೆರೆದೇ ಇಟ್ಟಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಬುಲ್‌ಡಾಗ್ ವಿಷಯದಲ್ಲಿ ತೀರ್ಪನ್ನು ಬದಲಿಸಿತು, ಕವಲಿಯರ್ ವಿಷಯದಲ್ಲಿ ಉಳಿಸಿಕೊಂಡಿತು. ಕಣ್ಣುಮುಚ್ಚಿ ನಿಷೇಧಿಸಿದ್ದರೆ ಹಾಗೆ ತೂಗಿ ನೋಡುತ್ತಿರಲಿಲ್ಲ. ಡೆನ್ಮಾರ್ಕಿನ ಉದಾಹರಣೆಗೆ ನಾನು ತಲೆಬಾಗುತ್ತೇನೆ. ನಿಮ್ಮ ಮಾತುಗಳಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅದು. ಆದರೆ ಅದು ಫಲಿಸಿದ್ದು ಕಡ್ಡಾಯವಾಗಿದ್ದರಿಂದ. ನಿಮ್ಮ ಪ್ರದರ್ಶನಗಳಲ್ಲಿ ಉಸಿರಾಟದ ದರ್ಜೆ ಇಲ್ಲದ ಪಗ್‌ಗೆ ಪ್ರವೇಶವಿಲ್ಲ ಎಂದು ನಾಳೆಯೇ ನಿಯಮ ಮಾಡುತ್ತೀರಾ?

ಈ ಪ್ರಶ್ನೆಗೆ ಹಿರಿಯರು ನೇರ ಉತ್ತರ ಕೊಡಲಿಲ್ಲ, ಮಾತನ್ನು ಭಾರತಕ್ಕೆ ತಿರುಗಿಸಿದರು. ನುಣುಚಿಕೊಂಡರು ಎನ್ನುವಂತಿಲ್ಲ. ತಳಿಯ ಭವಿಷ್ಯ ಇಲ್ಲಿ ಪ್ರದರ್ಶನದ ಕಣದಲ್ಲಿ ತೀರ್ಮಾನವಾಗುವುದೇ ಇಲ್ಲ ಎಂಬುದು ಅವರ ಅಳಲು.

ಹಿರಿಯರು: ನಿಯಮ ಮಾಡಿದರೆ ಯಾರಿಗೆ ತಟ್ಟುತ್ತದೆ ನೋಡಿ. ನಮ್ಮಲ್ಲಿ 2017ರಲ್ಲಿ ಶ್ವಾನ ಸಂತಾನಾಭಿವೃದ್ಧಿ ಮತ್ತು ಮಾರಾಟದ ನಿಯಮಗಳು ಬಂದವು. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದೆ ಮರಿ ಮಾಡಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಪಾಲಿಸಿದವರು ಯಾರು? ದಾಖಲೆ ಇಟ್ಟುಕೊಂಡು, ವಂಶಾವಳಿ ಬರೆದುಕೊಂಡು ಬಂದ ಕೆಲವರು. ಕಣ್ಣು ತೆರೆದು ಸ್ವಲ್ಪವೇ ದಿನವಾದ ಮರಿಯನ್ನು ಬುಟ್ಟಿಯಲ್ಲಿಟ್ಟು ಮಾರುವವನಿಗೆ ಯಾವ ನಿಯಮವೂ ತಟ್ಟಲಿಲ್ಲ. 2016ರಿಂದ ವ್ಯಾಪಾರಕ್ಕಾಗಿ ಮರಿ ಮಾಡಿಸಲು ವಿದೇಶಿ ನಾಯಿಗಳನ್ನು ತರಿಸುವುದಕ್ಕೂ ತಡೆ ಬಿತ್ತು. ಇರುವ ನಾಯಿಗಳಲ್ಲೇ ಸುತ್ತುತ್ತಿದ್ದೇವೆ. ಹೊರಗಿನ ಒಳ್ಳೆಯ ರಕ್ತ ಬೇಕೆಂದು ನೀವು ಹೇಳುತ್ತೀರಿ, ಬರುವ ಬಾಗಿಲು ಮುಚ್ಚಿದೆ. ನಿಷೇಧದ ಭಾಷೆ ಎಲ್ಲಿಗೆ ಒಯ್ಯುತ್ತದೆ ಎಂದು 2024ರಲ್ಲೂ ಕಂಡೆವು. ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಸುತ್ತೋಲೆ ಹೊರಡಿಸಿತು; ತಜ್ಞರನ್ನು, ಸಂಬಂಧಪಟ್ಟವರನ್ನು ಸರಿಯಾಗಿ ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ನಾಳೆ ಪಗ್ ನಿಷೇಧಿಸಿದರೆ ದಾಖಲೆ ಇಟ್ಟವರು ನಿಲ್ಲಿಸುತ್ತಾರೆ, ಬುಟ್ಟಿಯವನು ಮುಂದುವರಿಸುತ್ತಾನೆ. ಉಳಿಯುವುದು ಅತ್ಯಂತ ಕೆಟ್ಟ ಪಗ್.

ಯುವತಿ: ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಆ ಸುತ್ತೋಲೆಯಲ್ಲಿ ಒಂದು ಸಂಗತಿ ಗಮನಿಸಿ. ತಳಿಗಳ ಬಗ್ಗೆ ಸರ್ಕಾರ ಬಾಯಿ ತೆರೆದದ್ದು ಮನುಷ್ಯನನ್ನು ಕಚ್ಚುವ ನಾಯಿಗಳ ವಿಚಾರದಲ್ಲಿ. ಮನುಷ್ಯನ ಆಯ್ಕೆಯಿಂದಾಗಿ ಉಸಿರುಗಟ್ಟುವ ನಾಯಿಯ ವಿಚಾರ ಯಾವ ಸುತ್ತೋಲೆಯಲ್ಲೂ ಬಂದದ್ದಿಲ್ಲ. ಬುಟ್ಟಿಯವನು ಮಾರುವುದು ಕೊಳ್ಳುವವರಿರುವುದರಿಂದ. 2003ರಲ್ಲಿ ಹಚ್ ಜಾಹೀರಾತು ಬಂತು. ಹುಡುಗ ಹೋದಲ್ಲೆಲ್ಲ ಹಿಂದೆ ಹೋಗುವ ಪಗ್. ಅದನ್ನು ಚಿತ್ರಿಸಿದ್ದು ಬೆಂಗಳೂರಿನ ಚಿತ್ರಸಂಸ್ಥೆ. ಸುಂದರವಾದ ಜಾಹೀರಾತು, ಅದರಲ್ಲಿ ಕೇಡಿನ ಉದ್ದೇಶವೇನೂ ಇರಲಿಲ್ಲ. ಆದರೆ ಅದಾದ ಮೇಲೆ ದೇಶದ ಊರೂರಿನಲ್ಲಿ ಪಗ್‌ಗೆ ಬೇಡಿಕೆ ಹುಟ್ಟಿತು, ಆ ಬೇಡಿಕೆಯನ್ನು ತುಂಬಿಸಲು ಹೊರಟವರು ಉಸಿರನ್ನು ಕೇಳಿಸಿಕೊಳ್ಳಲಿಲ್ಲ. ಬ್ರಿಟನ್ನಿನ ತಂಪಿನಲ್ಲೇ ಕಷ್ಟಪಡುವ ನಾಯಿಯನ್ನು ನಾವು ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಗೆ ತಂದು ಇಟ್ಟಿದ್ದೇವೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಅನುಕೂಲವಿಲ್ಲ. ಮೂಗು, ಬಾಯಿ, ನಾಲಗೆಯ ತೇವದ ಮೇಲೆ ಗಾಳಿ ಹಾಯಿಸಿ ಅದು ಶಾಖ ಕಳೆದುಕೊಳ್ಳಬೇಕು. ಆ ಗಾಳಿಯ ದಾರಿಯೇ ಕಿರಿದಾದಾಗ ಏದುಸಿರು ಬಿಟ್ಟಷ್ಟೂ ಶ್ರಮ, ಶ್ರಮಪಟ್ಟಷ್ಟೂ ಶಾಖ. ನಲವತ್ತು ಡಿಗ್ರಿಯ ಮಧ್ಯಾಹ್ನ ಕರೆಂಟು ಹೋದರೆ ಆ ಮನೆಯಲ್ಲಿ ಮೊದಲು ಅಪಾಯಕ್ಕೆ ಬೀಳುವುದು ಪಗ್. ಹವಾಮಾನ ಬದಲಿಸಲು ನಮ್ಮಿಂದಾಗದು, ಕರೆಂಟೂ ನಮ್ಮ ಕೈಯಲ್ಲಿಲ್ಲ. ಹುಟ್ಟಿಸುವ ನಾಯಿಯ ಮೂಗು ಮಾತ್ರ ನಮ್ಮ ಕೈಯಲ್ಲಿದೆ.

ಹಿರಿಯರು: ಅಷ್ಟು ಮಾತು ನನ್ನನ್ನೂ ತಟ್ಟುತ್ತದೆ. ಪ್ರದರ್ಶನದ ತೀರ್ಪುಗಾರರು ಮುಖ ನೋಡುವ ಮೊದಲು ಉಸಿರು ಕೇಳಬೇಕು, ಹೊಳ್ಳೆ ಮುಚ್ಚಿದ ನಾಯಿಗೆ ಬಹುಮಾನ ಕೂಡದು. ನೀವು ಆಗ ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ಎಲ್ಲರೂ ಒಪ್ಪಲಿ ಬಿಡಲಿ, ನಾನು ಒಪ್ಪುತ್ತೇನೆ. ಆದರೆ ಬೆರಕೆಗೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಇರುವ ನಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ ಎರಡು ಮೂರು ದಶಕ ನೋಡೋಣ. ಟ್ರಂಪ್‌ನ ಮೂತಿ ಹಿಂದೆ ಇತ್ತು ಎಂದು ನೀವೇ ತೋರಿಸಿದಿರಿ. ಆ ಮೂತಿಯನ್ನು ತಳಿಯ ಒಳಗಿನಿಂದಲೇ ಮರಳಿ ತರಲು ಸಾಧ್ಯವೇ ಎಂದು ಪ್ರಯತ್ನಿಸದೆ ತಳಿಯನ್ನು ಬಿಟ್ಟುಕೊಡಲಾರೆ.

ಯುವತಿ: ಎರಡು ಮೂರು ದಶಕ ಎಂದರೆ ಎರಡು ಮೂರು ತಲೆಮಾರಿನ ನಾಯಿಗಳು ಆ ಉಸಿರಿನಲ್ಲೇ ಬದುಕಿ ಹೋಗುತ್ತವೆ. ಕಾಯುವ ಬೆಲೆಯನ್ನು ನೀವೂ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಅಷ್ಟು ಮಾತ್ರ ನನಗೆ ನುಂಗಲಾಗದ ವಿಷಯ.

ಬೆರಕೆ ಬೇಕೋ ಬೇಡವೋ ಎಂಬಲ್ಲಿ ಇಬ್ಬರೂ ಬೇರೆ ಬೇರೆಯಾಗಿಯೇ ಉಳಿದರು. ನನಗೆ ಯುವತಿಯ ಅವಸರ ನ್ಯಾಯವೆನಿಸುತ್ತದೆ. ದಾಖಲೆಯಿಲ್ಲದ ನಮ್ಮ ಮಾರುಕಟ್ಟೆಯಲ್ಲಿ ಬೆರಕೆಯ ಹೆಸರಿನಲ್ಲೂ ಮೋಸ ನಡೆಯುತ್ತದೆ ಎಂಬ ಹಿರಿಯರ ಭಯವೂ ನ್ಯಾಯವೆನಿಸುತ್ತದೆ. ಆದರೆ ಕೊಳ್ಳುವವರು ಈ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಪಗ್ ಮರಿಯನ್ನು ನೋಡಲು ಹೋದವರು ಮೊದಲು ಅದರ ತಾಯಿಯನ್ನು ತೋರಿಸಿ ಎಂದು ಕೇಳಿ, ಸಾಧ್ಯವಾದರೆ ತಂದೆಯನ್ನೂ. ತಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ನಿಂತ ಮೇಲೆ ಹತ್ತಿರ ಕುಳಿತು ಕೇಳಿಸಿಕೊಳ್ಳಿ. ಹೊಳ್ಳೆಗಳು ತೆರೆದಿವೆಯೇ ನೋಡಿ. ಗೊರಗೊರ ಸದ್ದು ಬಂದರೆ, ತಾಯಿಯನ್ನು ತೋರಿಸಲು ಮಾರುವವರು ಹಿಂಜರಿದರೆ, ಮರಿ ಎಷ್ಟೇ ಮುದ್ದಾಗಿರಲಿ, ಕೊಳ್ಳದೆ ಹಿಂತಿರುಗಿ. ಈಗಾಗಲೇ ಮನೆಯಲ್ಲಿ ಪಗ್ ಇರುವವರು ಅದರ ತೂಕ ಎಂಟು ಕಿಲೋ ದಾಟದಂತೆ ನೋಡಿಕೊಳ್ಳಿ, ಕುತ್ತಿಗೆಗೆ ಪಟ್ಟಿ ಹಾಕುವ ಬದಲು ಎದೆಗೆ ಕಟ್ಟುವ ಹಾರ್ನೆಸ್ ಬಳಸಿ, ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡೆಸಿ ಮುಗಿಸಿ. ಅದು ಕುಳಿತು ನಿದ್ದೆ ಮಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಹೊಳ್ಳೆ ಮತ್ತು ಅಂಗುಳದ ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ನಾಯಿಗಳ ಉಸಿರು ಹಗುರವಾಗುತ್ತದೆ.